ಅವ್ವನ ಬೆನ್ನಿಗೆ ಹೇಳಿದ ಕಾಮೆಂಟ್ರಿ

ಅಕ್ಕ ಬಾಕ್ಸಿಂಗ್ ಆಡುವುದನ್ನು ಅವ್ವ ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಹೇಳುತ್ತಿದ್ದವನು ನಾನು.

ಅಕ್ಕ ದೂರದ ಊರಿನ ಕ್ರೀಡಾ ಹಾಸ್ಟೆಲಿನಲ್ಲಿದ್ದಳು. ಅವಳ ಆಟ ಇದ್ದ ದಿನ ಯಾರಾದರೂ ಅದನ್ನು ಲೈವ್ ಬಿಡುತ್ತಿದ್ದರು. ಆಂಧ್ರದ ಗಡಿಯೊಳಗಿನ ಕೋಸಗಿಯ ನಮ್ಮ ಮನೆಯಲ್ಲಿ ನಾನು ಫೋನನ್ನು ಜೋಳದ ಡಬ್ಬಿಗೆ ಆನಿಸಿ ನಿಲ್ಲಿಸುತ್ತಿದ್ದೆ. ಅವ್ವ ಅದಕ್ಕೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತು, ವ್ಯಾಪಾರಿಯೊಬ್ಬರ ಬೀಜದ ಶೇಂಗಾ ಸುಲಿಯುತ್ತಿದ್ದಳು. ಮೊದಲನೇ ದಿನವೇ ಕಾನೂನು ಮಾಡಿಬಿಟ್ಟಿದ್ದಳು.

“ಸೌಂಡ್ ಬಂದ್ ಮಾಡು. ಆ ಮಂದಿ ಬಾಯಿ ನನಗ ಬ್ಯಾಡ. ನೀ ಹೇಳು. ಆಕಿ ಹೊಡದಿದ್ದು ಹೇಳು. ಆಕಿಗಿ ಬಿದ್ದದ್ದು ಹೇಳಬ್ಯಾಡ.”

“ಹಂಗಾದ್ರ ಅರ್ಧ ಆಟ ಹೋತಲ್ಲಬೇ.”

“ಹೋಗ್ಲಿ. ಉಳಿದರ್ಧ ಸಾಕು ನನಗ.”

ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ಗಂಡಸೆಂದು ಇದ್ದವನು ನಾನೊಬ್ಬ, ಅದೂ ಹೇಳಿಕೊಳ್ಳುವುದಕ್ಕೆ. ಒಮ್ಮೆ ಅಕ್ಕ ತನ್ನ ಗ್ಲೌಸುಗಳನ್ನು ನನ್ನ ಕೈಗೆ ತೊಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, “ಗ್ಲೌಸು ಕಾಣಾಕತ್ಯಾವ. ನೀ ಎಲ್ಲಿದ್ದೀಯಲೇ?” ಎಂದಿದ್ದಳು. ನನಗಿದ್ದದ್ದು ಗಂಟಲು ಮಾತ್ರ. ರೈಲು ತಡವಾದುದಕ್ಕೆ ಕ್ಷಮೆ ಕೇಳುವ ಸ್ಟೇಷನ್ನಿನ ಹೆಂಗಸು, ಕೌತಾಳಂ ಬಸ್ಸಿನ ಕಂಡಕ್ಟರನ ಮೂಗು, ನಮ್ಮ ಓಣಿಯ ಒಬ್ಬೊಬ್ಬ ಮುದುಕನ ಬೇರೆ ಬೇರೆ ಕೆಮ್ಮು, ಅವ್ವನ ಬೈಗುಳ, ಎಲ್ಲ ಅದರೊಳಗೆ ಬಾಡಿಗೆಗೆ ಇದ್ದವು. ಈಗಲೂ ಆದೋನಿಯಲ್ಲಿ ಸೀರೆ ಅಂಗಡಿಯ ಆಟೋ ಮೈಕಿನಲ್ಲಿ ‘ಬನ್ನಿ ಅಕ್ಕಂದಿರೇ’ ಎಂದು ಕರೆಯುವವನು ನಾನೇ. ಅದು ನನ್ನ ಧ್ವನಿಯೇನಲ್ಲ. ಆ ಅಂಗಡಿಯ ಯಜಮಾನರದ್ದೇ. ಅವರಿಗೆ ಇನ್ನೂ ಗೊತ್ತಾಗಿಲ್ಲ.

ಕಾಮೆಂಟ್ರಿ ಕಲಿಯಲು ಹಳೆಯ ಆಟಗಳ ವಿಡಿಯೊ ಹುಡುಕಿ ಕೇಳಿದೆ. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ಉಸಿರು ಪೂರ್ತಿ ತಿಳಿಯುತ್ತಿತ್ತು. ಪಳಗಿದವರು ಮೊದಮೊದಲು ಮೆತ್ತಗೆ ಮಾತಾಡುತ್ತಾರೆ, ಕಟ್ಟೆಯ ಮೇಲೆ ಕೂತು ಊರ ಸುದ್ದಿ ಹೇಳಿದ ಹಾಗೆ. ಒಬ್ಬ ಬೀಳುತ್ತಿದ್ದಾನೆ ಎನ್ನುವಾಗ ಗಂಟಲು ಹರಿಯುತ್ತದೆ. ಒಂದೇ ಮಾತನ್ನು ಮತ್ತೆ ಮತ್ತೆ ಕೂಗುತ್ತಾರೆ, ಬೇರೆ ಮಾತೇ ಮರೆತುಹೋದವರಂತೆ. ಜನ ವರ್ಷಗಟ್ಟಲೆ ನೆನಪಿಟ್ಟುಕೊಂಡ ಕೂಗುಗಳೆಲ್ಲ ಹೀಗೆ ಯಾರೋ ಬಿದ್ದಾಗ ಹುಟ್ಟಿದವು. ನನಗೋ, ಬಿದ್ದದ್ದನ್ನು ಹೇಳುವ ಅಪ್ಪಣೆಯೇ ಇರಲಿಲ್ಲ.

ಇದ್ದ ಅರ್ಧದಲ್ಲೇ ನಾನು ಮೆರೆದೆ. ಕನ್ನಡದಲ್ಲಿ ಬಾಕ್ಸಿಂಗ್ ಕಾಮೆಂಟ್ರಿ ಎಲ್ಲೂ ಕೇಳಿರಲಿಲ್ಲವಾದ್ದರಿಂದ ನಾನೇ ಮೊದಲಿಗ ಎಂದು ಓಣಿ ತುಂಬ ಹೇಳಿಕೊಂಡು ತಿರುಗಿದೆ. ಅಕ್ಕ ಎರಡೂ ಕೈಯಿಂದ ಬಿಡದೆ ಹೊಡೆದರೆ, “ರೊಟ್ಟಿ ಬಡೀತಾಳ ನೋಡ್ರಿ, ರೊಟ್ಟಿ!” ಎದುರಿನ ಹುಡುಗಿ ಹಗ್ಗಕ್ಕೆ ಒರಗಿದರೆ, “ಬಟ್ಟಿ ಹಿಂಡಿ ಒಣಾಕ ಹಾಕಿದ್ಲು!” ಸುತ್ತು ಮುಗಿದರೆ ಸ್ಟೇಷನ್ನಿನ ಹೆಂಗಸು ಬರುತ್ತಿದ್ದಳು. ಆಕೆಗೆ ಕನ್ನಡ ಬರುತ್ತಿರಲಿಲ್ಲ, ನಾನೇ ಕಲಿಸಿದ್ದೆ: “ಎದುರಿನ ಹುಡುಗಿ ಬಹಳ ತಡವಾಗಿ ಓಡುತ್ತಿದ್ದಾಳೆ. ತೊಂದರೆಗೆ ವಿಷಾದಿಸುತ್ತೇವೆ.” ಪಕ್ಕದ ಮನೆಯ ಅಜ್ಜಿ ಬೆಳಿಗ್ಗೆ ಹಿಟ್ಟು ತಟ್ಟುವಾಗ ತನಗೆ ತಾನೇ “ರೊಟ್ಟಿ ನೋಡ್ರಿ, ರೊಟ್ಟಿ” ಎಂದು ಕೂಗಿಕೊಳ್ಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಅಷ್ಟು ದೊಡ್ಡ ಮನುಷ್ಯನಾಗಿದ್ದೆ ನಾನು.

ಅಕ್ಕನಿಗೆ ಏಟು ಬಿದ್ದಾಗ ಮಾತ್ರ ಸುಮ್ಮನಾಗುತ್ತಿದ್ದೆ. ಇನ್ನೇನು ಮಾಡಲಿ? ಕೆಲವು ಆಟ ಕಳೆದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ನಾನು ಸುಮ್ಮನಾದ ಕೂಡಲೇ ಅವ್ವನ ಕೈಯ ಶೇಂಗಾ ಒಡೆಯುವ ಚಟ್ ಚಟ್ ಕೂಡ ನಿಲ್ಲುತ್ತಿತ್ತು. ನನ್ನ ಮಾತು ಶುರುವಾದರೆ ಅದೂ ಶುರು. ಬೇಡವೆಂದ ಆ ಅರ್ಧ ಆಟ ಅವ್ವನಿಗೆ ಹೀಗೆ ತಲುಪುತ್ತಿತ್ತು. ಒಮ್ಮೆ ಜಾಣತನ ತೋರಿಸಿ ಆ ಸಂದನ್ನು ತುಂಬಲು ನೋಡಿದೆ. “ಅಕ್ಕ ಬೆವರು ಒರಸ್ಕೋತಾಳ, ಗಾಳಿ ಭಾಳ ಚಂದ ಬೀಸಾಕತ್ತೈತಿ...”

“ಸುಳ್ಳು ಹೇಳಬ್ಯಾಡ,” ಎಂದಳು ಅವ್ವ, ತಿರುಗದೆ. “ಸುಮ್ನಿರು.”

ಈ ಸಲದ ರಾಜ್ಯ ಮಟ್ಟದ ಆಟಕ್ಕೆ ಮುಂಚೆ ಅಕ್ಕ ಫೋನ್ ಮಾಡಿದಳು. ಅದಕ್ಕೆ ಹಿಂದಿನ ಆಟಗಳನ್ನು ಸೋತಿದ್ದಳು.

“ಇದೂ ಸೋತ್ರ ಹಾಸ್ಟೆಲ್ ಸೀಟು ಬ್ಯಾರೆಯವರಿಗಿ ಕೊಡ್ತಾರಂತ.”

“ಕೊಟ್ಟರ?”

“ಕೊಟ್ಟರ ನಿಮ್ಮ ಜೋಡಿ ಮೆಣಸಿನಕಾಯಿಗಿ ಬರ್ತೀನಿ. ಇನ್ನೇನೈತಿ?”

ಸಂಕ್ರಾಂತಿ ಕಳೆದರೆ ನಮ್ಮ ಓಣಿಯ ಮನೆಗಳಿಗೆ ಬೀಗ ಬೀಳುತ್ತದೆ. ಮಂದಿ ಮಕ್ಕಳು, ಪಾತ್ರೆ, ಹಿಟ್ಟು ಕಟ್ಟಿಕೊಂಡು ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಬೇಸಿಗೆ ಬರುವವರೆಗೆ ಹೊಲದ ಪಕ್ಕದ ಗುಡಿಸಲು. ಬೆರಳು ಉರಿಯುತ್ತವೆ, ಆ ಬೆರಳಿನಿಂದ ಕಣ್ಣು ಒರೆಸಿಕೊಂಡರೆ ಕಣ್ಣು ಉರಿಯುತ್ತವೆ, ಉರಿದ ಕಣ್ಣಿಗೆ ಮತ್ತೆ ಬೆರಳೇ ಹೋಗುತ್ತದೆ. ಹಾಸ್ಟೆಲ್ ಸೇರಿದ ಮೇಲೆ ಅಕ್ಕ ಒಂದು ವರ್ಷವೂ ಬಂದಿರಲಿಲ್ಲ. ಅವ್ವ ಜಂಬ ಕೊಚ್ಚಿಕೊಳ್ಳುವ ಹೆಂಗಸಲ್ಲ. ಆದರೂ ಸಾಲಿನಲ್ಲಿ ಬಗ್ಗಿದಾಗ ಪಕ್ಕದವರಿಗೆ ಒಮ್ಮೆಯಾದರೂ ಹೇಳುತ್ತಿದ್ದಳು: “ನನ್ನ ಮಗಳ ಕೈಗಿ ಖಾರ ಹತ್ತಿಲ್ಲ.”

ಆಟಕ್ಕೆ ಮುಂಚಿನ ದಿನ ಆಳು ಕರೆದೊಯ್ಯುವ ಮೇಸ್ತ್ರಿ ಬಾಗಿಲಿಗೆ ಬಂದ.

“ಏಮ್ಮಾ, ನಿಮ್ಮ ಮನಿಯಿಂದ ಎಷ್ಟು ಮಂದಿ?”

“ಇಬ್ಬರು,” ಎಂದಳು ಅವ್ವ, ಮೇಸ್ತ್ರಿ ಕೇಳಿ ಮುಗಿಸುವ ಮೊದಲೇ.

“ಇವನ್ನೂ ಒಂದು ಆಳು ಅಂತ ಹಿಡಿಯಾಕ ಆಗತೈತೇನಮ್ಮಾ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮೇಸ್ತ್ರಿಯ ಧ್ವನಿಯಲ್ಲೇ ನಾನು “ಅರ್ಧ ಅಂತ ಹಿಡೀರಿ” ಎಂದೆ. ಅವ್ವ ನಗಲಿಲ್ಲ.

ಮರುದಿನ ಮಧ್ಯಾಹ್ನ ಆಟ. ಅಕ್ಕ ಕೆಂಪು ಬನಿಯನ್ನಿನಲ್ಲಿ, ಎದುರಿಗೆ ನೀಲಿಯ ಒಬ್ಬ ಉದ್ದನೆಯ ಹುಡುಗಿ. ಮೊದಲ ಸುತ್ತಿನಲ್ಲಿ ನನಗೆ ಕೈತುಂಬ ಕೆಲಸ. ರೊಟ್ಟಿ ಬಡಿದೆ, ಬಟ್ಟೆ ಒಣಹಾಕಿದೆ, ಸ್ಟೇಷನ್ನಿನ ಹೆಂಗಸನ್ನೂ ಕರೆಸಿದೆ. ಅವ್ವನ ಚಟ್ ಚಟ್ ಮಳೆ ಹನಿದಂತೆ ನಡೆದಿತ್ತು. ಎರಡನೆಯ ಸುತ್ತಿನಲ್ಲಿ ನನ್ನ ಮಾತು ತುಂಡು ತುಂಡಾಯಿತು, ಶೇಂಗಾವೂ ತುಂಡು ತುಂಡಾಯಿತು. ಮೂರನೆಯದರಲ್ಲಿ ಉದ್ದನೆಯ ಹುಡುಗಿಯ ಬಲಗೈ ಎಲ್ಲಿಂದ ಬಂತೋ ನನಗೆ ಕಾಣಲಿಲ್ಲ. ಅಕ್ಕ ನೆಲದ ಮೇಲಿದ್ದಳು.

ಕೂಗಿದರೆ ನೆನಪಿಡುವಂಥ ಕೂಗು ಅಲ್ಲೇ ಇತ್ತು, ಬಾಯಿಯ ತುದಿಯಲ್ಲಿ. ಏಳಕ್ಕಾ ಎನ್ನಬೇಕಿತ್ತು. ಎಂದರೆ ಬಿದ್ದಿದ್ದಾಳೆ ಎಂದು ಹೇಳಿದ ಹಾಗೆ. ಬಾಯಿ ತೆರೆದುಕೊಂಡೇ ಕೂತೆ. ಶೇಂಗಾ ನಿಂತಿತ್ತು. ನನ್ನ ಮೌನ ಯಾವತ್ತೂ ಅಷ್ಟು ಉದ್ದ ಇದ್ದದ್ದಿಲ್ಲ.

ಅವ್ವ ತಿರುಗಿದಳು. ಮಡಿಲ ಸಿಪ್ಪೆಯೆಲ್ಲ ನೆಲಕ್ಕೆ ಚೆಲ್ಲಿತು. ಫೋನಿನಲ್ಲಿ ರೆಫರಿ ಅಕ್ಕನ ಮುಖದ ಮುಂದೆ ಬೆರಳು ಬಿಚ್ಚುತ್ತ ಎಣಿಸುತ್ತಿದ್ದ. ಅಕ್ಕ ಮೊಣಕೈ ಊರಿ ಏಳಲು ನೋಡುತ್ತಿದ್ದಳು. ಅವ್ವ ಫೋನಿನ ಹತ್ತಿರಕ್ಕೆ ಬಗ್ಗಿ, ತೊಟ್ಟಿಲ ಕೂಸಿಗೆ ಹೇಳುವ ಧ್ವನಿಯಲ್ಲಿ ಹೇಳಿದಳು:

“ಏಳಬ್ಯಾಡ ನನ್ನವ್ವ. ಮಕ್ಕೋ. ಸುಮ್ನ ಮಕ್ಕೋ.”

ನಾನು ಅಷ್ಟೊಂದು ಕಾಮೆಂಟ್ರಿ ಕೇಳಿದ್ದೇನೆ. ಬಿದ್ದವರಿಗೆ ಯಾರೂ ಹೀಗೆ ಹೇಳಿದ್ದನ್ನು ಕೇಳಿಲ್ಲ.

ಅಕ್ಕ ಎದ್ದಳು. ರೆಫರಿ ಅವಳ ಕಣ್ಣು ನೋಡಿ, ಆಡು ಎಂದು ಕೈಮಾಡಿದ. ಆಮೇಲೆ ಇನ್ನೂ ಕೆಲವು ಏಟು ಬಿದ್ದವು, ಎಲ್ಲ ಎಡಗಡೆಗೇ, ಕಿವಿಯ ಮೇಲೆ. ಅವ್ವ ಅವನ್ನೆಲ್ಲ ನೋಡಿದಳು. ರೆಫರಿ ನಡುವೆ ಬಂದು ಆಟ ನಿಲ್ಲಿಸಿದ ಮೇಲೆ ಮತ್ತೆ ಬಾಗಿಲ ಕಡೆ ತಿರುಗಿ ಚೆಲ್ಲಿದ ಸಿಪ್ಪೆ ಬಳಿಯತೊಡಗಿದಳು. ಸಂಜೆ ನನ್ನನ್ನು ಮೇಸ್ತ್ರಿಯ ಮನೆಗೆ ಕಳಿಸಿದಳು, ಮೂರು ಮಂದಿ ಎಂದು ಹೇಳಿ ಬಾ ಎಂದು.

ಹಾಸ್ಟೆಲಿನಿಂದ ಬಂದ ಅಕ್ಕನ ಬಳಿ ಒಂದು ಬ್ಯಾಗು, ಎಡಗಿವಿಯಲ್ಲಿ ಒಂದು ಗುಂಯ್ ಸದ್ದು. ಡಾಕ್ಟರು ನೋಡಿ ಔಷಧ ಕೊಟ್ಟರು, ಕಾಲ ಹೋಗಲಿ ನೋಡೋಣ ಎಂದರು. ಗುಂಯ್ ನಿಂತಿತು, ಅದರ ಜೊತೆಗೆ ಆ ಕಿವಿಗೆ ಉಳಿದದ್ದು ಕೇಳುವುದೂ ಹೆಚ್ಚುಕಡಿಮೆ ನಿಂತಿತು. ನಾನೀಗ ಅವಳ ಬಲಕ್ಕೆ ನಡೆಯುತ್ತೇನೆ. “ನಿನ್ನ ಕಾಮೆಂಟ್ರಿ ಅರ್ಧನ ಕೇಳತೈತಿ. ದೇವರು ದೊಡ್ಡವ,” ಎನ್ನುತ್ತಾಳೆ.

ಮೆಣಸಿನ ಹೊಲದಲ್ಲಿ ಮೊದಲ ದಿನ ಅಕ್ಕ ಬ್ಯಾಗಿನಿಂದ ಬಾಕ್ಸಿಂಗಿನ ಪಟ್ಟಿ ತೆಗೆದಳು. ಗ್ಲೌಸಿನ ಒಳಗೆ ಕೈಗೆ ಸುತ್ತುವ ಉದ್ದನೆಯ ಬಟ್ಟೆ. ಅಂಗೈ, ಮಣಿಕಟ್ಟು, ಬೆರಳ ಸಂದು ಎಲ್ಲ ಅಭ್ಯಾಸದಂತೆ ಬಿಗಿಯಾಗಿ ಸುತ್ತಿಕೊಂಡು ಸಾಲಿಗೆ ಇಳಿದಳು. “ಯಾರ ಮ್ಯಾಲಬೇ ಫೈಟಿಂಗು?” ಎಂದು ಹೆಂಗಸರು ನಕ್ಕರು. ಬೆರಳ ತುದಿ ಹೊರಗೇ ಇದ್ದವು. ಹೊತ್ತು ಏರುವಷ್ಟರಲ್ಲಿ ಅವು ಕೆಂಪಗಾದವು.

ನಾನು ಅವಳ ಬಲಕ್ಕೆ ಬಿಡಿಸುತ್ತಿದ್ದೆ. ಅವ್ವ ನಮಗೆ ಬೆನ್ನು ಮಾಡಿಕೊಂಡು ಮುಂದಿನ ಸಾಲಿನಲ್ಲಿದ್ದಳು.

“ಲೇ ತಮಾ, ನಾ ಬಿದ್ದಾಗ ಏನಂತ ಕೂಗಿದಿ?”

“ನಾ ಕೂಗಲಿಲ್ಲ. ಅವ್ವ ಕೂಗಿದ್ಲು.”

“ಅವ್ವ?” ಅಕ್ಕ ನೆಟ್ಟಗಾದಳು. ಊರಿಗೆ ಬಂದ ಮೇಲೆ ಅವಳ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ. “ತಿರುಗಿ ನೋಡಿದ್ಲಾ?”

“ಹೂಂ.”

“ಅಲ್ಲಿ ಬಿದ್ದಾಗ ನನಗ ಅನಿಸ್ತಲೇ. ಮನ್ಯಾಗ ನೀವಿಬ್ಬರೂ ಏಳು ಏಳು ಅಂತಿರತೀರಿ ಅಂತ. ಅದಕ್ಕ ಎದ್ದೆ, ಇಲ್ಲಾಂದ್ರ ಏಳತಿದ್ದಿಲ್ಲ.” ಪಟ್ಟಿ ಸುತ್ತಿದ ಕೈಯಿಂದ ನನ್ನ ಭುಜಕ್ಕೊಂದು ತಿವಿದಳು. “ಅವ್ವನಂಗ ಮಾಡಿ ತೋರ್ಸು. ಹೆಂಗಂದ್ಲು?”

ಅವ್ವನ ಧ್ವನಿ ನನಗೆ ತಪ್ಪಿದ್ದೇ ಇಲ್ಲ. ಬಾಗಿಲ ಮರೆಯಿಂದ ಬೈದರೆ ಓಣಿಯ ಮಕ್ಕಳು ನನ್ನನ್ನೇ ಅವ್ವನೆಂದು ತಿಳಿದು ಓಡುತ್ತಾರೆ. ಬಾಯಿ ತೆರೆದೆ. ಅಕ್ಕ ಕೇಳುವ ಕಿವಿಯನ್ನು ನನ್ನ ಕಡೆ ಕೊಟ್ಟು ನಿಂತಿದ್ದಳು. ನಾನು ಸುಮ್ಮನಾದೆ. ಮುಂದಿನ ಸಾಲಿನಲ್ಲಿ ತೊಟ್ಟು ಮುರಿಯುವ ಸದ್ದು ನಿಂತಿತು.

“ಏಳು ಅಂದೆನವ್ವ,” ಎಂದಳು ಅವ್ವ, ತಿರುಗದೆ. “ಇನ್ನೇನಂತಾರ? ಬಿಡಸ್ರಿ, ಬಿಸಿಲು ಬಂತು.”

ಅಕ್ಕ ನಕ್ಕು ಗಿಡಕ್ಕೆ ಬಗ್ಗಿದಳು. ನಾನೂ ಬಗ್ಗಿದೆ. ಮುಂದಿನ ಸಾಲಿನಲ್ಲಿ ಬಹಳ ಹೊತ್ತು ಒಂದು ತೊಟ್ಟೂ ಮುರಿಯಲಿಲ್ಲ.