ಫಿಟ್ಟರ್ ಕೆಲಸಕ್ಕೆ ಕನ್ಯಾ ನೋಡಿದರು

ಗೆಳೆಯರೇ, ಐಟಿಐನಲ್ಲಿ ಫಿಟ್ಟರ್ ಕಲಿತ ನನ್ನ ಕಿರಿಯ ಮಗಳನ್ನು ಇವತ್ತು ಖಾನಾಪುರದಿಂದ ಬೆಳಗಾವಿಯ ಅಪ್ರೆಂಟಿಸ್ ಮೇಳಕ್ಕೆ ಕರೆದೊಯ್ದಿದ್ದೆ. ಕಾರ್ಖಾನೆಯ ಸಾಹೇಬರು ಅವಳ ಸರ್ಟಿಫಿಕೇಟು ಮುಟ್ಟಲೇ ಇಲ್ಲ. ನನ್ನನ್ನು ಕೇಳಿದರು: “ಲಗ್ನ ಯಾವಾಗ ಮಾಡ್ತೀರಿ?”

“ಸದ್ಯಕ್ಕ ವಿಚಾರ ಇಲ್ರಿ.”

“ಹುಡುಗ್ಯಾರು ಕೆಲಸ ಕಲೀತಾರ, ಲಗ್ನ ಆಗಿ ಹೋಗಿಬಿಡ್ತಾರ. ಮನ್ಯಾಗ ಅಡಗಿ ಯಾರ ಮಾಡ್ತಾರ?”

“ನಮ್ಮಪ್ಪಾರ ಮಾಡ್ತಾರ್ರಿ,” ಎಂದು ಮಗಳು ನನ್ನತ್ತ ಕೈ ತೋರಿಸಿದಳು. “ನನಗ ಫಿಟ್ಟರ್ ಕೆಲಸದ್ದ ಏನರ ಕೇಳ್ರಿ.”

ಸಾಹೇಬರು ಫೈಲು ಮುಚ್ಚಿದರು. “ಮಾಲಕರ್ನ ಕೇಳಿ ತಿಳಸ್ತೇವ್ರಿ.”

ಹಿರಿಯ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರೂ “ಹಿರಿಯರ್ನ ಕೇಳಿ ತಿಳಸ್ತೇವ್ರಿ” ಎಂದೇ ಎದ್ದು ಹೋಗಿದ್ದರು. ಅವರಿಗಾದರೂ ನಾನು ಉಪ್ಪಿಟ್ಟು ಮಾಡಿ ಹಾಕಿದ್ದೆ. ಇವತ್ತು ಅದೊಂದು ಕಡಿಮೆಯಾಯಿತೇನೋ.