ಅವನನ್ನು ನಾನು ಸುಧಾರಿಸ್ತೇನೆ

ಪುತ್ತೂರಿನ ಆ ಮೀಟಿಂಗಿಗೆ ನನ್ನನ್ನು ಕರೆದುಕೊಂಡು ಹೋದದ್ದು ನನ್ನ ಗೆಳೆಯನೇ. ನಾವಿಬ್ಬರೂ ಸುಳ್ಯ ಕಡೆಯ ಒಂದೇ ಊರಿನವರು, ಒಂದೇ ದಿನ ಸೇನೆಗೆ ಸೇರಿದವರು. ಅವನದು ಅರೆಭಾಷೆ ಮಾತಾಡುವ ಕೃಷಿಕರ ಮನೆ. ನಾನು ದಲಿತ, ನಮ್ಮದು ಕಾಲನಿ. ಚಿಕ್ಕಂದಿನಲ್ಲಿ ನಾನು ಅವರ ಮನೆಯ ಜಗಲಿ ಹತ್ತಿದವನಲ್ಲ. ಆದರೆ ಗಡಿಯ ಬಂಕರಿನಲ್ಲಿ ಎರಡು ಚಳಿಗಾಲ ಒಂದೇ ತಟ್ಟೆಯಲ್ಲಿ ಉಂಡೆವು. ನನಗೆ ಜ್ವರ ಬಂದಾಗ ಅವನು ತನ್ನ ಕಂಬಳಿಯನ್ನೂ ನನಗೇ ಹೊದೆಸಿ ರಾತ್ರಿಯಿಡೀ ಕೂತಿದ್ದ. ಅದೆಲ್ಲ ಸುಳ್ಳಾಗಿತ್ತು ಎಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಅದಕ್ಕೇ ಇದನ್ನು ಹೇಳುವುದು ಕಷ್ಟ.

ಇಬ್ಬರೂ ನಿವೃತ್ತರಾಗಿ ಬಂದ ಮರುವರ್ಷ, ಸ್ವಾತಂತ್ರ್ಯ ದಿನಕ್ಕೆ ನಾನು ಧ್ವಜ ಹಾರಿಸಬೇಕೆಂದು ಊರಿನ ಶಾಲೆಯ ಮಾಸ್ಟ್ರು ಮನೆಗೇ ಬಂದು ಕರೆದರು. ಹೆಂಡತಿ ನನ್ನ ಕೋಟಿಗೆ ಇಸ್ತ್ರಿ ಹಾಕಿ, ಪದಕಗಳನ್ನು ಬಟ್ಟೆಯಲ್ಲಿ ಉಜ್ಜಿ ಹೊಳಪು ಮಾಡಿದಳು. ಆ ಬೆಳಿಗ್ಗೆ ಶಾಲೆಗೆ ಹೋದರೆ, ಧ್ವಜಕಂಬದ ಬುಡದಲ್ಲಿ ಕೋಟು ಹಾಕಿಕೊಂಡು ಗೆಳೆಯ ನಿಂತಿದ್ದ. ಮಾಸ್ಟ್ರು ನನ್ನ ಮುಖ ನೋಡದೆ, "ಸ್ವಲ್ಪ ಬದಲಾವಣೆ ಆಯ್ತು. ನೀವು ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸ್ತೀರಾ?" ಎಂದರು.

ನಾನು ನಿಲ್ಲಿಸಿದೆ. ಗಟ್ಟಿ ಸ್ವರದಲ್ಲಿ 'ಸಾವಧಾನ್' ಕೂಗಿದೆ. ಗೆಳೆಯ ಹಾರಿಸಿದ ಧ್ವಜಕ್ಕೆ ಸೆಲ್ಯೂಟ್ ಹೊಡೆದೆ. ಸಾಲಿನಲ್ಲಿ ನಾಲ್ಕನೆಯ ಕ್ಲಾಸಿನ ನನ್ನ ಮಗಳೂ ಇದ್ದಳು. ಮನೆಗೆ ಬರುವಾಗ ಅವಳು, "ಅಪ್ಪಾ, ನೀವಲ್ವಾ ಹಾರಿಸುದು ಅಂತ ಹೇಳಿದ್ದು?" ಎಂದು ಕೇಳಿದಳು. ನಾನು ಪದಕಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ.

ಅಲ್ಲಿಂದ ನಿದ್ದೆ ಹೋಯಿತು. ಒಂದು ಸಂಜೆ ಕಾರಣವೇ ಇಲ್ಲದೆ ಹೆಂಡತಿಯ ಮೇಲೆ ಕಿರುಚಿದೆ, ಮಗಳು ಒಳಗೆ ಓಡಿದಳು. ಮರುದಿನ, ಜಾತಿ ನೋಡಿ ನನ್ನನ್ನು ಧ್ವಜದಿಂದ ದೂರ ಇಟ್ಟರೆಂದು ಪೊಲೀಸರಿಗೆ ದೂರು ಬರೆಯಲು ಕೂತೆ. ಅರ್ಧ ಬರೆದಿದ್ದೆ, ಅಷ್ಟರಲ್ಲಿ ಗೆಳೆಯ ಬಂದ.

"ನನಗೂ ಆ ದಿನ ಬೆಳಿಗ್ಗೆಯೇ ಗೊತ್ತಾದ್ದು ಮಾರಾಯ. ಕರ್ಕೊಂಡು ಬಂದು ಕಂಬದ ಹತ್ರ ನಿಲ್ಲಿಸಿದ್ರು. ನಾನು ಎಂತ ಮಾಡುದು?" ಎಂದ. ಅವನ ಕಣ್ಣು ತುಂಬಿತ್ತು. ನಾನೇ ಅವನ ಬೆನ್ನು ತಟ್ಟಿದೆ. ಹೊರಡುವಾಗ ಅವನು, "ಕಂಪ್ಲೇಂಟ್ ಎಲ್ಲ ಈಗ ಬೇಡ. ಪುತ್ತೂರಲ್ಲಿ ನಮ್ಮಂಥವರಿಗೇ ಒಂದು ಮೀಟಿಂಗ್ ಉಂಟು. ಮೊದಲು ಮನಸ್ಸು ಹಗುರ ಮಾಡ್ಕೋ" ಎಂದ.

ಮೀಟಿಂಗ್ ನಡೆಯುತ್ತಿದ್ದದ್ದು ತಿಂಗಳ ಮೊದಲ ಭಾನುವಾರ, ಒಂದು ಕಟ್ಟಡದ ಮಹಡಿಯಲ್ಲಿ. ಸೇನೆಯಲ್ಲೋ ಊರಲ್ಲೋ ಜಾತಿಯಿಂದ, ಬಣ್ಣದಿಂದ ಅವಮಾನ ಉಂಡು ಒಳಗೊಳಗೇ ಬೇಯುತ್ತಿದ್ದ ಮಾಜಿ ಸೈನಿಕರು ಏಳೆಂಟು ಮಂದಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ದುಂಡಗೆ ಕೂರುತ್ತಿದ್ದೆವು. ನಡೆಸುವ ಮೇಡಂ ಮನಶ್ಶಾಸ್ತ್ರ ಓದಿದವರು. ಇಲ್ಲಿ ಆಡಿದ್ದು ಹೊರಗೆ ಹೋಗಬಾರದು, ಯಾರನ್ನೂ ಒತ್ತಾಯಿಸಬಾರದು ಎಂಬುದು ಅವರ ನಿಯಮ.

ಕಡಬದ ರಬ್ಬರ್ ತೋಟದವರೊಬ್ಬರು ಬರುತ್ತಿದ್ದರು. ಮನೆಯಲ್ಲಿ ಮಲಯಾಳ, ನಮ್ಮ ಜೊತೆ ಕನ್ನಡ. ನಾನು ಅವರನ್ನು ಅವರ ಭಾಷೆಯಲ್ಲೇ ಚೇಟ, ಅಂದರೆ ಅಣ್ಣ, ಎನ್ನುತ್ತಿದ್ದೆ. ಸೇನೆಯಲ್ಲಿ ಹನ್ನೆರಡು ವರ್ಷ ಅವರನ್ನು ಎಲ್ಲರೂ 'ಕಾಲಿಯಾ', ಕರಿಯ, ಎಂದೇ ಕರೆದಿದ್ದರಂತೆ. ಊರಿಗೆ ಬಂದ ಮೇಲೆ ತಾಯಿ ಹೆಸರು ಹಿಡಿದು ಕರೆದರೂ ತನ್ನನ್ನೇ ಕರೆದದ್ದೆಂದು ತಿಳಿಯಲು ಒಂದು ಗಳಿಗೆ ಬೇಕಾಗುತ್ತಿತ್ತಂತೆ. ಗೆಳೆಯನೂ ಮಾತಾಡಿದ. ಉತ್ತರದ ಒಬ್ಬ ಅಧಿಕಾರಿ ತನ್ನನ್ನು 'ಕಾಲಾ ಮದ್ರಾಸಿ' ಎಂದು ಎಲ್ಲರೆದುರು ನಗಾಡಿದ್ದನ್ನು ಹೇಳುತ್ತಾ ಅತ್ತ. ನಾನು ಅವನ ಕೈ ಹಿಡಿದುಕೊಂಡೆ.

ನಾನು ಬಾಯಿ ತೆರೆದದ್ದು ಐದನೆಯ ತಿಂಗಳಲ್ಲಿ. ಕೋಟು, ಪದಕ, 'ಸಾವಧಾನ್', ಮಗಳ ಪ್ರಶ್ನೆ ಎಲ್ಲ ಹೇಳಿದೆ. ಧ್ವಜ ಹಾರಿಸಿದ್ದು ಯಾರೆಂದು ಮಾತ್ರ ಹೇಳಲಿಲ್ಲ. ಅವನಿಗೆ ಬೇಸರವಾಗದಿರಲಿ ಎಂದು.

ಚೇಟ ಕೇಳಿದರು, "ಹಾಗಾದ್ರೆ ಹಾರಿಸಿದ್ದು ಯಾರು ಮಾರಾಯ್ರೆ?"

ಗೆಳೆಯ ತಲೆ ತಗ್ಗಿಸಿ, "ನಾನು" ಎಂದ. ಆಮೇಲೆ ಅವನಿಗೆ ನಿಲ್ಲಿಸಲು ಆಗಲಿಲ್ಲ. "ಮೂರು ದಿನ ಮೊದಲೇ ಶಾಲೆಯಲ್ಲಿ ಮೀಟಿಂಗ್ ಆಗಿತ್ತು. ಇವ ಹಾರಿಸಿದ್ರೆ ಮಕ್ಕಳನ್ನು ಕಳಿಸುದಿಲ್ಲ ಅಂತ ಎರಡು ಮನೆಯವರು ಹಟ ಹಿಡಿದ್ರು. ಗಲಾಟೆ ಬೇಡ ಅಂತ ನಾನೇ ಹೇಳಿದೆ, ನಾನು ಹಾರಿಸ್ತೇನೆ, ಅವನನ್ನು ನಾನು ಸುಧಾರಿಸ್ತೇನೆ ಅಂತ. ಇಲ್ಲಿಗೆ ಕರ್ಕೊಂಡು ಬಂದದ್ದೂ ಅದಕ್ಕೇ. ನೀನು ಕೇಸು ಹಾಕಿ ಊರಲ್ಲಿ ಕೆಟ್ಟವ ಆಗುದು ಬೇಡ ಅಂತ. ನಿನ್ನ ಒಳ್ಳೆಯದಕ್ಕೇ ಮಾರಾಯ."

ನಾನು ಮೇಡಂ ಕಡೆ ನೋಡಿದೆ. ಅವರು ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

"ನಿಮಗೆ ಗೊತ್ತಿತ್ತಾ ಮೇಡಂ?"

"ಮೊದಲ ಸಲ ಫೋನ್ ಮಾಡಿದಾಗಲೇ ನಿಮ್ಮ ಗೆಳೆಯರು ಎಲ್ಲ ಹೇಳಿದ್ದರು. ನಿಮ್ಮ ಬಾಯಿಂದಲೇ ಬರಲಿ ಎಂದು ಕಾದೆ" ಎಂದರು.

ಐದು ತಿಂಗಳು ಆ ಕುರ್ಚಿಯಲ್ಲಿ ನಾನು ಪದ ಪದ ಹುಡುಕುತ್ತಾ ಕೂತಿದ್ದೆ. ಅಷ್ಟು ಕಾಲ ನನ್ನ ಕತೆ ನನಗಿಂತ ಮೊದಲೇ ಆ ಕೋಣೆಗೆ ಬಂದು ಕೂತಿತ್ತು. ಶಾಲೆಯಲ್ಲಿ ಆದದ್ದಕ್ಕಿಂತ ನನಗೆ ಇದರಿಂದಲೇ ಹೆಚ್ಚು ನೋವಾಯಿತು. ಶಾಲೆಯವರು ನನ್ನವರಾಗಿರಲಿಲ್ಲ.

"ನನ್ನ ಒಳ್ಳೆಯದು ಯಾವುದು ಅಂತ ನನ್ನ ಹತ್ರ ಒಂದು ಮಾತು ಕೇಳಬಹುದಿತ್ತಲ್ಲ?" ಎಂದಷ್ಟೇ ಗೆಳೆಯನಿಗೆ ಹೇಳಿದೆ. ಅವನ ಜೀಪಿನಲ್ಲಿ ಬಂದಿದ್ದವನು ಬಸ್‌ಸ್ಟ್ಯಾಂಡಿಗೆ ನಡೆದೆ. ಹಿಂದೆಯೇ ಚೇಟ ಬಂದು ಪಕ್ಕದಲ್ಲಿ ಕೂತರು. ಸುಳ್ಯದ ಬಸ್ಸು ಬರುವವರೆಗೂ ಅಲ್ಲೇ ಇದ್ದರು. ನಾನು ಹತ್ತುವಾಗ, "ಫೋನ್ ಮಾಡಿ" ಎಂದರು.

ದೂರನ್ನು ಪೂರ್ತಿ ಬರೆದು ಕೊಟ್ಟೆ. ಮಾಸ್ಟ್ರು ಬಂದು ಕ್ಷಮೆ ಕೇಳಿದರು. ಹಟ ಹಿಡಿದ ಆ ಎರಡು ಮನೆಯವರು ಬರಲಿಲ್ಲ. ಶಾಲೆಯ ಮೀಟಿಂಗಿನಲ್ಲಿ ಹಾಗೆ ಯಾರೂ ಹೇಳಲೇ ಇಲ್ಲ ಎಂದು ಪೊಲೀಸರ ಮುಂದೆ ಹೇಳಿಕೆ ಕೊಟ್ಟವರಲ್ಲಿ ಗೆಳೆಯನೂ ಇದ್ದ. ಆ ಹಾಳೆಯ ಕೆಳಗೆ ಅವನ ಸಹಿ ನೋಡಿದೆ. ದೂರು ಅಲ್ಲಿಗೇ ನಿಂತಿತು.

ಈಗ ಚೇಟ, ಪುತ್ತೂರಿನ ಮೀಟಿಂಗಿನ ಇನ್ನಿಬ್ಬರು, ನಾನು, ಹೀಗೆ ನಾವು ನಾಲ್ವರು ನೆಟ್ಟಣದಲ್ಲಿ ಸೇರುತ್ತೇವೆ, ರೈಲ್ವೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ. ಮೇಡಂ ಇಲ್ಲ, ನಿಯಮ ಇಲ್ಲ. ಚೇಟ ಚಾ ಹೇಳುತ್ತಾರೆ, ಯಾರಿಗೆ ಬೇಕೋ ಅವರು ಮಾತಾಡುತ್ತಾರೆ. ರಾತ್ರಿ ಸ್ವಲ್ಪ ನಿದ್ದೆ ಬರುತ್ತಿದೆ. ಮಗಳಿಗೂ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಮಾಮನೂ ಸಹಿ ಹಾಕಿದ್ರಾ?" ಎಂದು ಮತ್ತೆ ಮತ್ತೆ ಕೇಳಿದಳು.

ಆ ಮೂವರ ಎದುರೂ ನಾನಿನ್ನೂ ಅತ್ತಿಲ್ಲ. ಅಳುವಷ್ಟು ನಂಬಿಕೆ ಯಾರ ಮೇಲೂ ಬರುತ್ತಿಲ್ಲ.