ಮೂಗಿನ ಮಾವ ನೋಡಿದ ಗಾಡಿ

ಹಳೆಯ ಗಾಡಿ ಕೊಳ್ಳುವಾಗ ಬೇರೆಯವರು ಬಾನೆಟ್ ಎತ್ತಿ ನೋಡುತ್ತಾರೆ, ಟೈರಿಗೆ ಒದೆಯುತ್ತಾರೆ. ಮೂಗಿನ ಮಾವ ಮಾತ್ರ ಬಾಗಿಲು ತೆರೆದು ತಲೆಯನ್ನು ಒಳಗೆ ತೂರಿಸಿ, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದ. “ಇದು ನೀರಲ್ಲಿ ಮುಳುಗಿದ ಗಾಡಿ” ಅಂದರೆ ಮುಳುಗಿದ್ದೇ. “ವೈರಿಂಗ್ ಸುಟ್ಟಿದೆ” ಅಂದರೆ ಸುಟ್ಟಿದ್ದೇ. ಹರೆಯವನ್ನೆಲ್ಲ ಸೀಟು ಹೊಲಿಯುವ ಅಂಗಡಿಯಲ್ಲಿ, ಕಂಡವರ ಗಾಡಿಗಳ ಹೊಟ್ಟೆಯೊಳಗೆ ಬಗ್ಗಿ ಕಳೆದವನಿಗೆ ಅಂಟಿಕೊಂಡ ವಿದ್ಯೆ ಅದು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಆಸ್ತಿ ಅಂತ ಇದ್ದದ್ದು ಆ ಮೂಗೊಂದೇ. ತಂಗಿಯ ಮಗಳು ತೊದಲು ಮಾತಿನಲ್ಲಿ ಇಟ್ಟ ಹೆಸರನ್ನೇ ಊರಿನವರೂ ಹಿಡಿದುಕೊಂಡಿದ್ದರು.

ಆ ಮೂಗು ಈಚೆಗೆ ಸತ್ತಿತ್ತು. ಕೆಟ್ಟ ಜ್ವರವೊಂದು ಬಂದು, ಹೋಗುವಾಗ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಒಲೆಯ ಮೇಲೆ ಹಾಲು ಸೀದು ಪಾತ್ರೆ ಕರ್ರಗಾದದ್ದು ಕಣ್ಣಿಗೆ ಬಿದ್ದ ಮೇಲಷ್ಟೇ ಅವನಿಗೆ ಗೊತ್ತಾದದ್ದು. ಫಿನಾಯಿಲ್ ಬಾಟಲಿಗೆ ಮೂಗಿಟ್ಟ. ಸೀಮೆಎಣ್ಣೆಯ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡ. ಬರಿಯ ನೀರು ಮೂಸಿದ ಹಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಹೊಟ್ಟೆಪಾಡಿಗೆ ಏನು ಮಾಡುವುದು? ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾಯುತ್ತ, ಕರೆದವರ ಗಾಡಿಗಳನ್ನು ಎಂದಿನಂತೆ ನೋಡಿದ. ಕಣ್ಣು ಮುಚ್ಚಿದ, ಉಸಿರೆಳೆದ, ತಲೆಯಾಡಿಸಿದ. ಯಾರೂ ಜಗಳಕ್ಕೆ ಬರಲಿಲ್ಲ.

ಆಗ ತಂಗಿ ಫೋನ್ ಮಾಡಿದಳು.

“ಅಣ್ಣಾ, ಒಬ್ಬರು ಕಂಟ್ರಾಕ್ಟರ್ ತಮ್ಮ ಹಳೇ ಎಸ್‌ಯುವಿ ಮಾರ್ತಾರಂತೆ. ನೀನು ಬಂದು ನೋಡು. ಸಣ್ಣ ಕಾರು ಬೇಡಪ್ಪ ನಂಗೆ. ಯಾವನಾದ್ರೂ ಗುದ್ದಿದ್ರೆ ಅಪ್ಪಚ್ಚಿ. ಇಂಥ ದೊಡ್ಡ ಗಾಡೀಲಿ ಮಗು ಕೂತಿದ್ರೆ ನಂಗೆ ನಿದ್ದೆಯಾದ್ರೂ ಬರುತ್ತೆ.”

ತಂಗಿ ಹುಟ್ಟಾ ಪುಕ್ಕಲಿ. ಮಗಳಾದ ಮೇಲಂತೂ ಕುದಿಸಿದ ನೀರನ್ನು ಮತ್ತೊಮ್ಮೆ ಕುದಿಸುವವಳು. ಬೇರೆ ಯಾರನ್ನಾದರೂ ಕರೆದುಕೊಂಡು ಹೋಗು ಎನ್ನಬೇಕೆಂದುಕೊಂಡವನು “ಬರ್ತೀನಿ” ಅಂದುಬಿಟ್ಟ.

ಗಾಡಿ ನೋಡಲು ಗಟ್ಟಿಮುಟ್ಟಾಗಿತ್ತು. ಹೊಸದಾಗಿ ಪಾಲಿಶ್ ಹಾಕಿಸಿದ್ದರು. ಮಾವ ತಲೆ ಒಳಗಿಟ್ಟು ಉಸಿರೆಳೆದ. ತಂಗಿ ಅವನ ಮುಖವನ್ನೇ ನೋಡುತ್ತಿದ್ದಳು.

“ಏನು ಮೂಗಿನ ಮಾವ, ನಾನು ಬೆಳಿಗ್ಗೆ ಏನು ತಿಂದೆ ಅಂತಾನೂ ಹೇಳ್ತೀರಾ?” ಕಂಟ್ರಾಕ್ಟರ್ ನಕ್ಕ.

“ಅದಕ್ಕೆ ಮೂಗು ಯಾಕೆ, ಅಂಗಿ ಮೇಲೇ ಇದೆಯಲ್ಲ,” ಅಂದ ಮಾವ. ಎಲ್ಲರೂ ನಕ್ಕರು. ನಗಿಸುವುದು ಅವನಿಗಿನ್ನೂ ಬರುತ್ತಿತ್ತು.

ಕಂಟ್ರಾಕ್ಟರ್ ಓಡಿಸಲು ಕೂತ, ಮಾವ ಅವನ ಪಕ್ಕದಲ್ಲಿ, ತಂಗಿ ನಡುವಿನ ಸೀಟಿನಲ್ಲಿ. ಮಗಳು ಕುಣಿಯುತ್ತ ಹಿಂಬಾಗಿಲ ಹತ್ತಿರದ ಮಡಚುವ ಸೀಟಿಗೆ ಹತ್ತಿದಳು. ಗಾಡಿ ಹೊರಟ ಮೇಲೆ ಎಲ್ಲ ಕಿಟಕಿ ಏರಿಸಬೇಕು, ಫ್ಯಾನ್ ನಿಲ್ಲಿಸಬೇಕು, ಯಾರೂ ಮಾತಾಡಬಾರದು. ಬಿಸಿಯಾದ ಗಾಡಿ ತನ್ನ ರೋಗ ತಾನೇ ಹೇಳುತ್ತದೆ ಎಂಬುದು ಮಾವನ ಪದ್ಧತಿ. ಇವತ್ತೂ ಏರಿಸಿದರು. ಮಗಳು ಮಾತ್ರ ಹಿಂದೆ ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು.

ಏರುದಾರಿಯಲ್ಲಿ ಲಾರಿಯೊಂದು ಕೆಟ್ಟು ನಿಂತು, ಹಿಂದೆ ಮುಂದೆ ಗಾಡಿಗಳು ಸಿಕ್ಕಿಹಾಕಿಕೊಂಡಿದ್ದವು. ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಒಳಗೆ ಬೆವರು.

“ಅಣ್ಣಾ, ಏನೋ ವಾಸನೆ ಬರ್ತಿದೆಯಲ್ವಾ? ಹೊಗೆ ಥರ?”

“ಲಾರಿದು ಇರ್ಬೇಕು ಬಿಡಿ,” ಅಂದ ಕಂಟ್ರಾಕ್ಟರ್. ಅವನ ಬೆರಳುಗಳು ಬೀಡಿ ಹೊಗೆಗೆ ಹಳದಿಯಾಗಿದ್ದವು.

ತಂಗಿ ಅವನ ಮಾತಿಗೆ ಕಿವಿಗೊಡಲಿಲ್ಲ. ಅಣ್ಣನ ಉತ್ತರಕ್ಕೆ ಕಾದಳು. ಮಾವ ಉಸಿರೆಳೆದ. ಎಳೆದಷ್ಟೂ ಬರಿಯ ಬಿಸಿಗಾಳಿ. ಗೊತ್ತಿಲ್ಲ ಅಂದರೆ ಗುಟ್ಟು ರಟ್ಟಾಗುತ್ತಿತ್ತು.

“ಹಳೇ ಸೀಟು ಕಣೇ. ಬಿಸಿಯಾದ್ರೆ ಹಂಗೇ.”

“ಹಂಗಾದ್ರೆ ಸರಿ. ನನಗೆ ಎಲ್ಲದಕ್ಕೂ ಗಾಬರಿ,” ಅಂದಳು ತಂಗಿ. ಕಿಟಕಿಯ ಗುಂಡಿಯ ಮೇಲಿಟ್ಟಿದ್ದ ಬೆರಳನ್ನು ತೆಗೆದಳು.

ಲಾರಿ ಸರಿದು ದಾರಿ ಬಿಡುವಷ್ಟರಲ್ಲಿ ತಂಗಿಗೆ ತಲೆ ಸಿಡಿಯುತ್ತಿತ್ತು. ಹಿಂದಿನಿಂದ ಮಗಳ ಹಾಡು ಯಾವಾಗ ನಿಂತಿತೋ ಯಾರೂ ಗಮನಿಸಿರಲಿಲ್ಲ.

“ಮಲಗಿಬಿಟ್ಳು ಪಾಪ,” ಎಂದು ತಿರುಗಿದ ತಂಗಿ ಚೀರಿದಳು. ಮಗುವಿನ ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಬಾಯಿಂದ ವಾಂತಿ ಇಳಿದಿತ್ತು.

ಹಿಂಬಾಗಿಲು ತೆರೆದು ಎತ್ತಿಕೊಂಡಾಗ ಬಟ್ಟೆಯ ಗೊಂಬೆಯ ಹಾಗೆ ಕೈಕಾಲು ಜೋತಾಡಿದವು. ಹೊರಗಿನ ಗಾಳಿಗೆ ಒಮ್ಮೆ ಕೆಮ್ಮಿತು, ಕಣ್ಣು ಬಿಡಲಿಲ್ಲ. ಕಂಟ್ರಾಕ್ಟರ್ ಗಾಡಿಯಡಿ ಬಗ್ಗಿ ನೋಡಿ ತಲೆ ಚಚ್ಚಿಕೊಂಡ. ಸೈಲೆನ್ಸರ್ ಕೊಳವೆ ತುಕ್ಕು ತಿಂದು ಬಾಯ್ಬಿಟ್ಟಿತ್ತು. ಹಿಂಬಾಗಿಲ ರಬ್ಬರು ಹರಿದ ಕಡೆಯಿಂದ ಹೊಗೆಯೆಲ್ಲ ಒಳಕ್ಕೆ ನುಗ್ಗಿತ್ತು.

ಆಸ್ಪತ್ರೆಯಲ್ಲಿ ಮಗುವಿನ ಮುಖಕ್ಕೆ ಆಕ್ಸಿಜನ್ ಹಾಕಿದರು. “ಇನ್ನೂ ಸ್ವಲ್ಪ ಹೊತ್ತು ಆಗಿದ್ರೆ ಕಷ್ಟ ಇತ್ತು,” ಅಂದರು ಡಾಕ್ಟರ್. “ಎಚ್ಚರ ಆಗ್ಲಿ, ಆಮೇಲೆ ನೋಡೋಣ.” ಏನು ನೋಡೋಣ ಎಂದು ಕೇಳುವ ಧೈರ್ಯ ಅಣ್ಣತಂಗಿಯರಿಬ್ಬರಿಗೂ ಇರಲಿಲ್ಲ.

“ನಂಗೆ ವಾಸನೆ ಬಂದಿತ್ತು,” ತಂಗಿ ಮಗುವಿನ ಪಾದ ಹಿಡಿದುಕೊಂಡೇ ಹೇಳಿದಳು. “ನೀನಿದ್ದೀಯ ಅಂತ ಸುಮ್ಮನಾದೆ.”

“ನಂಗೆ ಬರಲ್ಲ ಕಣೇ.”

“ಏನು ಬರಲ್ಲ?”

“ವಾಸನೆ. ಆ ಜ್ವರ ಬಂದಾಗಿಂದ. ಯಾವುದೂ ಬರಲ್ಲ.”

ಅವಳು ಬೈಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದುಕೊಂಡ. ಅವಳು ಅವನನ್ನು ಅಪರಿಚಿತನನ್ನು ನೋಡುವಂತೆ ನೋಡಿದಳು. ಮೆಲ್ಲಗೆ ಕೇಳಿದಳು:

“ಜ್ವರ ಆದ್ಮೇಲೆ ಬೇರೆಯವರಿಗೂ ನೋಡಿಕೊಟ್ಟಿದ್ದೀಯಲ್ಲ? ಅವರ ಮನೇಲೂ ಮಕ್ಕಳಿಲ್ವಾ?”

ಮಾವ ಎದ್ದು ವರಾಂಡಕ್ಕೆ ಹೋದ. ಫೋನ್ ತೆಗೆದ. ಜ್ವರ ಬಿಟ್ಟ ಮೇಲೆ ಗಾಡಿ ನೋಡಿಕೊಟ್ಟವರಲ್ಲಿ ಮೊದಲು ನೆನಪಿಗೆ ಬಂದದ್ದು ಶಾಲೆಯ ಡ್ರಾಯಿಂಗ್ ಮೇಷ್ಟ್ರು.

“ಓಹೋ, ಮೂಗಿನ ಮಾವ!” ಮೇಷ್ಟ್ರ ದನಿಯ ಹಿಂದೆ ಇಂಜಿನ್ ಸದ್ದು, ಮಕ್ಕಳ ಗಲಾಟೆ. “ನೀವು ಆರಿಸಿಕೊಟ್ಟ ಗಾಡಿ ಬಂಗಾರ ಕಣ್ರೀ. ಎಲ್ಲರೂ ಅದರಲ್ಲೇ ಹೊರಟಿದ್ದೀವಿ.”

“ಮೇಷ್ಟ್ರೇ, ಮೊದಲು ಕಿಟಕಿ ಇಳಿಸಿ.”

“ಧೂಳು ಬರುತ್ತಲ್ಲ ಮಾರಾಯ್ರೇ, ಯಾಕೆ?”

“ಗಾಡಿ ನಿಲ್ಸಿ. ಮಕ್ಕಳನ್ನ ಇಳಿಸಿ,” ಅಂದ ಮಾವ. ವರಾಂಡದಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ: “ನಿಮ್ಮ ಗಾಡಿನ ನಾನು ನೋಡೇ ಇಲ್ಲ. ನನ್ನ ಮೂಗು ಸತ್ತುಹೋಗಿದೆ.”